ಸಂಪುಟ 121, ಪುಟ 501

ರಾಮನ್ ಸಿವಿ, ಕೃಷ್ಣನ್ ಕೆಎಸ್. ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಶನ್. ನೇಚರ್. 1928;121:501–2.

ಒಂದೇ ಸಾಲು. ವಿಜ್ಞಾನ ಪ್ರಬಂಧಗಳ ತೀರಾ ಕೊನೆಯಲ್ಲಿ, ಸಣ್ಣಚ್ಚಿನಲ್ಲಿ, ‘ರೆಫರೆನ್ಸಸ್’ ಎಂಬ ತಲೆಬರಹದ ಕೆಳಗೆ ಇಂಥವು ಹತ್ತಾರು, ಕೆಲವೊಮ್ಮೆ ನೂರಾರು ಇರುತ್ತವೆ. ಓದುವವರು ಅಲ್ಲಿಗೆ ತಲುಪುವಷ್ಟರಲ್ಲಿ ಪ್ರಬಂಧ ಮುಗಿದಿರುತ್ತದೆ. ಬರೆಯುವವರಿಗೋ ಅದು ಕೊನೆಯ ರಾತ್ರಿಯ ರಗಳೆ. ಗೈಡ್ ಒಪ್ಪಿದ್ದಾಯಿತು, ಗ್ರಾಫು, ಕೋಷ್ಟಕ ಎಲ್ಲ ಕೂತದ್ದಾಯಿತು, ಇನ್ನು ಈ ಚುಕ್ಕಿ, ಅಲ್ಪವಿರಾಮಗಳನ್ನು ಜರ್ನಲ್ ಹೇಳಿದ ಹಾಗೆ ಜೋಡಿಸುವ ಕೆಲಸ ಬಾಕಿ! ಆದರೆ ಮೇಲಿನ ಸಾಲನ್ನು ಸುಮ್ಮನೆ ಒಮ್ಮೆ ಬಿಡಿಸಿ ನೋಡಿ. ಇಷ್ಟು ಕಡಿಮೆ ಜಾಗದಲ್ಲಿ ಇಷ್ಟೊಂದನ್ನು ಹಿಡಿದಿಟ್ಟ ಬರಹ ಬೇರೆಲ್ಲಿದೆ ಎಂದು ಬೆರಗಾಗುತ್ತೀರಿ.

‘ರಾಮನ್ ಸಿವಿ’ಯ ಇನಿಶಿಯಲ್‌ಗಳ ನಡುವೆ ಚುಕ್ಕಿಯೇ ಇಲ್ಲ. ಯಾಕೆಂದರೆ ಇಲ್ಲಿ ಚುಕ್ಕಿಗೆ ಬೇರೆ ಕೆಲಸವಿದೆ. ಅಲ್ಪವಿರಾಮ ಬಂದರೆ ಇನ್ನೊಬ್ಬ ಲೇಖಕರು ಬರುತ್ತಿದ್ದಾರೆ ಎಂದರ್ಥ, ಚುಕ್ಕಿ ಬಂದರೆ ಲೇಖಕರು ಮುಗಿದರು, ಶೀರ್ಷಿಕೆ ಶುರು. ಮತ್ತೊಂದು ಚುಕ್ಕಿ, ಪತ್ರಿಕೆಯ ಹೆಸರು. ಇಸವಿಯ ನಂತರದ ಸೆಮಿಕೋಲನ್ ದಾಟಿದರೆ ಸಂಪುಟ, ಕೋಲನ್ ದಾಟಿದರೆ ಪುಟ. 502ರ ಬದಲು ಬರೀ 2 ಎಂದಿದೆ, ಮೊದಲೆರಡು ಅಂಕಿಗಳನ್ನು ಮತ್ತೆ ಬರೆಯುವ ಅಗತ್ಯವೇ ಇಲ್ಲವಲ್ಲ! ಸಂಚಿಕೆಯ ಸಂಖ್ಯೆಯೂ ಇಲ್ಲ. ಸಂಪುಟದ ಮೊದಲ ಸಂಚಿಕೆಯಿಂದ ಕೊನೆಯ ಸಂಚಿಕೆಯವರೆಗೆ ಪುಟಸಂಖ್ಯೆ ಒಂದೇ ಸಮನೆ ಓಡುವುದರಿಂದ ಇಡೀ 121ನೇ ಸಂಪುಟದಲ್ಲಿ 501ನೇ ಪುಟ ಇರುವುದು ಒಂದೇ. ಮನೆ ನಂಬರು, ಅಡ್ಡರಸ್ತೆ, ಮೇನ್ ರಸ್ತೆ, ಬಡಾವಣೆ ಎಲ್ಲ ಇರುವ ಬೆಂಗಳೂರಿನ ವಿಳಾಸಕ್ಕೂ ಇಷ್ಟು ಖಚಿತತೆ ಇಲ್ಲ.

ಆ ವಿಳಾಸ ಹಿಡಿದು ಹೋದರೆ ಏನು ಸಿಗುತ್ತದೆ ಗೊತ್ತೆ? 1928ರ ಮಾರ್ಚ್ 31ರ ‘ನೇಚರ್’ ಸಂಚಿಕೆಯಲ್ಲಿ ಒಂದು ಪುಟ್ಟ ಪತ್ರ. ಕೆಳಗೆ ಕಲ್ಕತ್ತಾದ ಬೌಬಜಾರ್ ರಸ್ತೆಯ 210ನೇ ನಂಬರಿನ ವಿಳಾಸ, ಮತ್ತು ತಾರೀಕು: ಫೆಬ್ರವರಿ 16! ನಾವು ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುವುದು ಫೆಬ್ರವರಿ 28ರಂದು. ಅಂದರೆ ರಾಮನ್ ಮತ್ತು ಕೃಷ್ಣನ್ ತಮ್ಮ ಮೊದಲ ಸುದ್ದಿಯನ್ನು ಬರೆದು ಮುಗಿಸಿದ್ದು ಆ ದಿನಕ್ಕೆ ಹನ್ನೆರಡು ದಿನ ಮುಂಚೆ. ಚದುರಿದ ಬೆಳಕಿನಲ್ಲಿ ಹೊಸ ಬಣ್ಣವಿದೆ ಎಂಬುದನ್ನು ಆಗಲೇ ಕಂಡಿದ್ದರು, ಅದನ್ನು ರೋಹಿತದರ್ಶಕದಲ್ಲಿ ಗೆರೆಗಳಾಗಿ ನೋಡಿದ್ದು 28ರಂದು. ಶಾಲಾ ಪಠ್ಯಗಳು ಹೇಳದ ಈ ಹನ್ನೆರಡು ದಿನಗಳ ಕಥೆ 121, 501 ಎಂಬ ಎರಡು ಸಂಖ್ಯೆಗಳ ಬೆನ್ನು ಹತ್ತಿದವರಿಗೆ ಮಾತ್ರ ದಕ್ಕುತ್ತದೆ.

ಇನ್ನೊಂದು ಸಾಲು ನೋಡಿ. ರಾಮನ್ ಸಿವಿ. ಎ ನ್ಯೂ ರೇಡಿಯೇಶನ್. ಇಂಡಿಯನ್ ಜೆ ಫಿಸ್. 1928;2:387–98. ಇದರ ಜಾಡು ಹಿಡಿದರೆ ಬರುವುದು ನಮ್ಮ ಬೆಂಗಳೂರಿಗೆ! 1928ರ ಮಾರ್ಚ್ 16ರಂದು ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಶನ್ನಿನ ಉದ್ಘಾಟನೆಗೆ ಬಂದು ರಾಮನ್ ಮಾಡಿದ ಭಾಷಣವೇ ಆ ಹನ್ನೆರಡು ಪುಟ. ಮುಂದೆ ನೊಬೆಲ್ ತಂದುಕೊಟ್ಟ ಶೋಧದ ಪೂರ್ಣ ವಿವರವನ್ನು ಜಗತ್ತು ಕೇಳಿದ್ದು ಈ ಊರಿನಲ್ಲಿ.

ಈ ಲೆಕ್ಕಾಚಾರವೆಲ್ಲ ಹುಟ್ಟಿದ್ದು ಹೇಗೆ? ಮೇಲೆ ಕೊಟ್ಟ ರೀತಿಗೆ ವ್ಯಾಂಕೂವರ್ ಶೈಲಿ ಎನ್ನುತ್ತಾರೆ. 1978ರ ಜನವರಿಯಲ್ಲಿ ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು ಕೆನಡಾದ ವ್ಯಾಂಕೂವರಿನಲ್ಲಿ ಸೇರಿದರು. ಆಗ ಟೈಪ್‌ರೈಟರ್ ಕಾಲ. ಒಂದು ಪತ್ರಿಕೆ ತಿರಸ್ಕರಿಸಿದ ಲೇಖನವನ್ನು ಇನ್ನೊಂದಕ್ಕೆ ಕಳಿಸಬೇಕಾದರೆ ಆಕರಗಳ ಪಟ್ಟಿಯನ್ನು ಮೊದಲಿನಿಂದ ಟೈಪು ಮಾಡಬೇಕಿತ್ತು, ಏಕೆಂದರೆ ಪ್ರತಿ ಪತ್ರಿಕೆಗೂ ತನ್ನದೇ ಪದ್ಧತಿ. ಇದು ಸಾಕು ಎಂದು ತೀರ್ಮಾನಿಸಿ ಅವರು ಒಂದು ಏಕರೂಪ ನಿಯಮಾವಳಿ ಮಾಡಿ 1979ರಲ್ಲಿ ಪ್ರಕಟಿಸಿದರು. ಪಠ್ಯದಲ್ಲಿ ಯಾವ ಆಕರ ಮೊದಲು ಬರುತ್ತದೋ ಅದಕ್ಕೆ 1, ಮುಂದಿನದಕ್ಕೆ 2. ಅದೇ ಆಕರ ಮತ್ತೆ ಬಂದರೆ ಹಳೆಯ ಸಂಖ್ಯೆಯೇ. ವೈದ್ಯಕೀಯ ಪತ್ರಿಕೆಗಳಲ್ಲಿ ಈಗಲೂ ಇದೇ ನಡೆಯುತ್ತಿದೆ.

ಇನ್ನೊಂದು ದೊಡ್ಡ ಕವಲು ಹಾರ್ವರ್ಡ್ ಶೈಲಿ. ಪಠ್ಯದ ನಡುವೆಯೇ ಆವರಣದಲ್ಲಿ ಲೇಖಕರ ಹೆಸರು, ಇಸವಿ: (ರಾಮನ್ ಮತ್ತು ಕೃಷ್ಣನ್, 1928). ರಾಮನ್ ಒಬ್ಬರೇ ಬರೆದದ್ದೂ ಆ ವರ್ಷ ಒಂದಕ್ಕಿಂತ ಹೆಚ್ಚು ಇವೆಯಲ್ಲ, ಅವಕ್ಕೆ 1928ಎ, 1928ಬಿ! ಈ ಪದ್ಧತಿಯ ಮೂಲವನ್ನು ಹುಡುಕಿದವರು ತಲುಪಿದ್ದು ಯಾವ ಮಹಾಗ್ರಂಥಕ್ಕೂ ಅಲ್ಲ, ಚಿಪ್ಪಿಲ್ಲದ ಬಸವನಹುಳುವಿಗೆ. ಎಡ್ವರ್ಡ್ ಲಾರೆನ್ಸ್ ಮಾರ್ಕ್ ಎಂಬ ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞರು 1881ರಲ್ಲಿ ಆ ಹುಳುವಿನ ಮೊಟ್ಟೆ ಹೇಗೆ ಬಲಿತು ವಿಭಜನೆಯಾಗುತ್ತದೆ ಎಂದು ಒಂದು ಉದ್ದನೆಯ ಪ್ರಬಂಧ ಬರೆದರು. ಅದರ 194ನೇ ಪುಟದಲ್ಲಿ ಆವರಣದೊಳಗಿನ ಹೆಸರು, ಇಸವಿ ಕಾಣಿಸಿಕೊಂಡಿತು. ಇವತ್ತು ಮನಶ್ಶಾಸ್ತ್ರದಿಂದ ಪರಿಸರ ವಿಜ್ಞಾನದವರೆಗೆ ಲಕ್ಷಾಂತರ ಜನ ಬಳಸುತ್ತಿರುವ ಪದ್ಧತಿಯ ತವರು ಆ ಹುಳುವಿನ ಪ್ರಬಂಧ.

ಭೌತವಿಜ್ಞಾನಿಗಳು ಇನ್ನೂ ಬಿಗಿ. ಶೀರ್ಷಿಕೆಯನ್ನೇ ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ಹೆಸರು, ಪತ್ರಿಕೆ, ದಪ್ಪಕ್ಷರದಲ್ಲಿ ಸಂಪುಟ, ಮೊದಲ ಪುಟ, ಆವರಣದಲ್ಲಿ ಇಸವಿ, ಮುಗಿಯಿತು. ಪತ್ರಿಕೆಯ ಹೆಸರನ್ನು ಎಲ್ಲಿ ಕತ್ತರಿಸಬೇಕು ಎಂಬುದಕ್ಕೂ ಐಎಸ್‌ಒ 4 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ‘ಜರ್ನಲ್’ ಬಂದರೆ ‘ಜೆ’, ‘ಪ್ರೊಸೀಡಿಂಗ್ಸ್’ ಬಂದರೆ ‘ಪ್ರೊಕ್’, ‘ಆಫ್’, ‘ಆ್ಯಂಡ್’ಗಳೆಲ್ಲ ಮಾಯ. ಒಂದೇ ಪದದ ಹೆಸರಾದರೆ ಕತ್ತರಿ ಮುಟ್ಟುವಂತಿಲ್ಲ. ಆದ್ದರಿಂದಲೇ ‘ನೇಚರ್’ ನೇಚರ್ ಆಗಿಯೇ ಉಳಿದಿದೆ. ಜಗತ್ತಿನ ಭಾಷೆಗಳ ಪದಗಳನ್ನು ಹೀಗೆ ಕತ್ತರಿಸಿಟ್ಟ ಒಂದು ದೊಡ್ಡ ಪಟ್ಟಿಯನ್ನು ಪ್ಯಾರಿಸಿನ ಐಎಸ್‌ಎಸ್‌ಎನ್ ಕೇಂದ್ರ ಕಾಪಾಡಿಕೊಂಡು ಬಂದಿದೆ. ಪದಗಳನ್ನು ಎಲ್ಲಿ ತುಂಡರಿಸಬೇಕು ಎಂದೇ ಒಂದು ನಿಘಂಟು!

ಕನ್ನಡ ಸಂಶೋಧಕರಿಗೆ ಈ ಬಿಗಿತನ ಹೊಸದಲ್ಲ. ‘ಎ.ಕ. 7, ಶಿಕಾರಿಪುರ 176’ ಎಂದು ಅಡಿಟಿಪ್ಪಣಿಯಲ್ಲಿ ಕಂಡರೆ ಶಾಸನ ಓದುವವರು ನೇರ ತಾಳಗುಂದದ ಕಂಬದ ಮುಂದೆ ಹೋಗಿ ನಿಲ್ಲುತ್ತಾರೆ. ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ಸಂಪುಟ, ತಾಲ್ಲೂಕು, ಸಂಖ್ಯೆ ಎಂದು ಸಾವಿರಾರು ಶಾಸನಗಳಿಗೆ ಕೊಟ್ಟ ಈ ಗುರುತುಗಳಿಲ್ಲದಿದ್ದರೆ ನಮ್ಮ ಇತಿಹಾಸದ ವಾದ, ಪ್ರತಿವಾದಗಳು ಯಾವ ಕಲ್ಲಿನ ಬಗ್ಗೆ ನಡೆಯುತ್ತಿವೆ ಎಂದೇ ತಿಳಿಯುತ್ತಿರಲಿಲ್ಲ.

ಈಗ ವಿಳಾಸ ತಪ್ಪಿದರೆ ಏನಾಗುತ್ತದೆ ನೋಡೋಣ. ಇಲ್ಲಿಂದ ಮುಂದಿನದು ಪತ್ತೇದಾರಿ ಕಥೆಗಳನ್ನೂ ಮೀರಿಸುತ್ತದೆ.

1887ರಲ್ಲಿ ಪ್ರಾಗ್‌ನ ಯಾರೋಸ್ಲಾವ್ ಹ್ಲಾವಾ ಎಂಬ ವೈದ್ಯರು ಅಮೀಬಾ ಮತ್ತು ಆಮಶಂಕೆಯ ಬಗ್ಗೆ ಚೆಕ್ ಭಾಷೆಯಲ್ಲಿ ಒಂದು ಲೇಖನ ಬರೆದರು. ಅದರ ಹೆಸರು ‘ಓ ಉಪ್ಲಾವಿತ್ಸಿ’, ಅಂದರೆ ‘ಆಮಶಂಕೆಯ ಕುರಿತು’. ಜರ್ಮನ್ ಪತ್ರಿಕೆಯೊಂದರಲ್ಲಿ ಅದರ ಸಾರಾಂಶ ಬಂದಾಗ ಶೀರ್ಷಿಕೆ ಲೇಖಕರ ಜಾಗಕ್ಕೆ ಜಾರಿಬಿಟ್ಟಿತು. ಅಷ್ಟೇ! ‘ಡಾ. ಓ. ಉಪ್ಲಾವಿತ್ಸಿ’ ಎಂಬ ವಿಜ್ಞಾನಿ ಹುಟ್ಟಿದರು. ಒಂದು ಪುಸ್ತಕದಿಂದ ಇನ್ನೊಂದಕ್ಕೆ, ಒಂದು ಭಾಷೆಯಿಂದ ಮತ್ತೊಂದಕ್ಕೆ ಅವರ ಹೆಸರು ಹರಡಿತು. ನಿಜವಾಗಿ ದುಡಿದ ಹ್ಲಾವಾ ಮರೆಯಾದರು. ಅರ್ಧ ಶತಮಾನ ಕಳೆದ ಮೇಲೆ, 1938ರಲ್ಲಿ, ಕ್ಲಿಫರ್ಡ್ ಡೋಬೆಲ್ ಎಂಬ ಇಂಗ್ಲಿಷ್ ಜೀವಿವಿಜ್ಞಾನಿ ಮೂಲ ಚೆಕ್ ಲೇಖನದ ಜಾಡು ಹಿಡಿದು ಸತ್ಯ ಹೊರತಂದರು. ಅದನ್ನು ವಿವರಿಸಿದ ತಮ್ಮ ಲೇಖನಕ್ಕೆ ಅವರಿಟ್ಟ ತಲೆಬರಹ ‘ಡಾ. ಓ. ಉಪ್ಲಾವಿತ್ಸಿ (1887–1938)’. ಇಲ್ಲದ ಮನುಷ್ಯನಿಗೆ ಜನನ, ಮರಣದ ಇಸವಿಗಳೊಡನೆ ಒಂದು ಶ್ರದ್ಧಾಂಜಲಿ! ಲೇಖಕ, ಶೀರ್ಷಿಕೆ ಎಂಬ ಎರಡು ಖಾನೆಗಳು ಅದಲುಬದಲಾದದ್ದಕ್ಕೆ ಐವತ್ತು ವರ್ಷದ ಬೆಲೆ.

ಕಂಪ್ಯೂಟರ್ ಬಂದ ಮೇಲೆ ಇಂಥದ್ದು ನಿಂತಿತು ಎಂದುಕೊಂಡಿರಾ? ಎಲ್ಸೆವಿಯರ್ ಪ್ರಕಾಶನ ಸಂಸ್ಥೆ ಲೇಖಕರಿಗೆ ಕೊಡುವ ಸೂಚನೆಗಳಲ್ಲಿ, ಆಕರವನ್ನು ಬರೆಯುವುದು ಹೇಗೆಂದು ತೋರಿಸಲು ಮಾದರಿ ಸಾಲೊಂದನ್ನು ಕೊಟ್ಟಿತ್ತು. ವಾನ್ ಡರ್ ಗೀರ್ ಮೊದಲಾದವರು, ವಿಜ್ಞಾನ ಲೇಖನ ಬರೆಯುವ ಕಲೆ, 2000, ಸಂಪುಟ 163, ಪುಟ 51ರಿಂದ 59. ಅಂಥ ಲೇಖನ ಇರಲೇ ಇಲ್ಲ. ಬರೀ ಮಾದರಿಗಾಗಿ ಕಲ್ಪಿಸಿದ್ದು. ಆದರೆ 2017ರಲ್ಲಿ ಆ್ಯನ್-ವಿಲ್ ಹಾರ್ಜಿಂಗ್ ಎಂಬ ಪ್ರಾಧ್ಯಾಪಕಿ ವಿವರಿಸಿದ ಪ್ರಕಾರ, ಆ ಇಲ್ಲದ ಲೇಖನವನ್ನು ಸುಮಾರು 400 ನಿಜವಾದ ಪ್ರಬಂಧಗಳು ತಮ್ಮ ಆಕರಪಟ್ಟಿಯಲ್ಲಿ ಹೊತ್ತಿದ್ದವು! ಮಾದರಿ ಕಡತದಲ್ಲಿದ್ದ ಸಾಲನ್ನು ಅಳಿಸದೆ ಬಿಟ್ಟದ್ದು, ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ಎತ್ತಿಕೊಂಡದ್ದು, ಹೀಗೆ.

ಅಚ್ಚಿನ ತಪ್ಪುಗಳನ್ನೇ ಸಾಕ್ಷಿಯಾಗಿ ನಿಲ್ಲಿಸಿದವರೂ ಇದ್ದಾರೆ, ಮತ್ತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕುಣಿಸಿದ ಅಧ್ಯಯನ ಅದು. ಕೋಸ್ಟರ್ಲಿಟ್ಜ್ ಮತ್ತು ಥೌಲೆಸ್ 1973ರಲ್ಲಿ ಬರೆದ, ಮುಂದೆ ನೊಬೆಲ್ ತಂದುಕೊಟ್ಟ ಪ್ರಬಂಧವನ್ನು ಜಗತ್ತಿನಲ್ಲೆಲ್ಲ ಉಲ್ಲೇಖಿಸಿದ್ದಾರೆ. ಕ್ಯಾಲಿಫೋರ್ನಿಯಾದ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಅಂಥ ಸುಮಾರು 4,300 ಉಲ್ಲೇಖಗಳನ್ನು ತೆಗೆದು ನೋಡಿದರು. 196ರಲ್ಲಿ ಸಂಪುಟವೋ ಪುಟವೋ ಇಸವಿಯೋ ತಪ್ಪು. ಆದರೆ ತಪ್ಪಿನ ಬಗೆಗಳು 45 ಮಾತ್ರ. ಪುಟಸಂಖ್ಯೆಯ ಒಂದೇ ತಪ್ಪು 78 ಪ್ರಬಂಧಗಳಲ್ಲಿ ಇದ್ದಹಾಗೇ ಇದೆ! ಬೇರೆ ಬೇರೆ ಊರಿನ ಅಷ್ಟು ಜನ ತಮ್ಮಷ್ಟಕ್ಕೆ ತಾವೇ ಅದೇ ಅಂಕಿಯನ್ನು ತಪ್ಪಾಗಿ ಒತ್ತಿರಲು ಸಾಧ್ಯವೆ? ಒಬ್ಬರದನ್ನು ಒಬ್ಬರು ನಕಲು ಮಾಡಿದ್ದಾರೆ. ಈ ಲೆಕ್ಕವನ್ನು ಬೆಳೆಸಿ, ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಸುಮಾರು ಶೇಕಡಾ 20 ಮಾತ್ರ ಎಂದು 2003ರಲ್ಲಿ ಅವರು ಅಂದಾಜಿಸಿದರು. ಹಸ್ತಪ್ರತಿಗಳನ್ನು ಪರಿಷ್ಕರಿಸುವ ನಮ್ಮ ಹಳಗನ್ನಡ ವಿದ್ವಾಂಸರು ಲಿಪಿಕಾರರ ತಪ್ಪುಗಳಿಂದ ಯಾವ ಪ್ರತಿ ಯಾವುದರಿಂದ ಇಳಿದದ್ದು ಎಂದು ಕಂಡುಹಿಡಿಯುವುದೂ ಇದೇ ತರ್ಕದಿಂದ.

ಇನ್ನು ಹೆಸರುಗಳ ಗೋಳು. ಕುಲನಾಮ ಮೊದಲು ಎನ್ನುವ ಪಾಶ್ಚಾತ್ಯ ನಿಯಮ ನಮ್ಮವರ ಹೆಸರಿನ ಮುಂದೆ ತಡವರಿಸುತ್ತದೆ. ಶಿಯಾಳಿ ರಾಮಾಮೃತ ರಂಗನಾಥನ್ ಅವರ ಹೆಸರಿನಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ಅವರದು. ಕುಲನಾಮ ಎಲ್ಲಿದೆ? ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ, 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ಪ್ರಲೇಖನ ಸಂಶೋಧನಾ ಕೇಂದ್ರವನ್ನು ಕಟ್ಟಿದ ರಂಗನಾಥನ್ ಅವರ ಹೆಸರೇ ಹೀಗಿದ್ದ ಮೇಲೆ ಉಳಿದವರ ಪಾಡೇನು! ಇನಿಶಿಯಲ್ ಹಿಂದೆ ಬರೆಯುವ ಮಂಜುನಾಥ ಕೆ., ಒಂದು ಪ್ರಬಂಧದಲ್ಲಿ ಮಂಜುನಾಥ, ಇನ್ನೊಂದರಲ್ಲಿ ‘ಕೆ.’ ಎಂಬ ಕುಲದವರು. ಮದುವೆಯ ನಂತರ ಹೆಸರು ಬದಲಿಸಿದ ವಿಜ್ಞಾನಿಯ ಹಳೆಯ ಕೆಲಸ ಬೇರೆ ಯಾರದೋ ಆಗಿಬಿಡುತ್ತದೆ. ಇದಕ್ಕೆ ಮದ್ದಾಗಿ 2012ರಲ್ಲಿ ‘ಆರ್ಕಿಡ್’ ಎಂಬ ಹದಿನಾರು ಸ್ಥಾನಗಳ ಗುರುತುಸಂಖ್ಯೆ ಬಂತು. ಹೆಸರು ಹೇಗೆ ಬರೆದರೂ ಮನುಷ್ಯ ಒಬ್ಬರೇ. ಅದರ ಕೊನೆಯ ಸ್ಥಾನವಂತೂ ಕಾವಲುಗಾರ. ಮೊದಲ ಹದಿನೈದು ಅಂಕಿಗಳಿಂದ ಗಣಿತದ ಸೂತ್ರವೊಂದು ಅದನ್ನು ಹುಟ್ಟಿಸುತ್ತದೆ. ಒಂದು ಅಂಕಿ ತಪ್ಪಿ ಬರೆದರೆ ಲೆಕ್ಕ ಕೂಡದೆ ಸಿಕ್ಕಿಬೀಳುತ್ತೀರಿ.

ಲೇಖನಗಳಿಗೂ ಅಂಥದೇ ಗುರುತು ಇದೆ, ಡಿಒಐ. 1997ರಲ್ಲಿ ಫ್ರಾಂಕ್‌ಫರ್ಟಿನ ಪುಸ್ತಕಮೇಳದಲ್ಲಿ ಪರಿಚಯವಾದ ಇದನ್ನು ವಿದ್ವತ್ ಪ್ರಕಾಶಕರು ಒಟ್ಟಾಗಿ ಬಳಸಲೆಂದು ಕ್ರಾಸ್‌ರೆಫ್ ಸಂಸ್ಥೆ 2000ದಲ್ಲಿ ಶುರುವಾಯಿತು. ಇಂದು ಅಲ್ಲಿ ನೋಂದಣಿಯಾದ ದಾಖಲೆಗಳು 15 ಕೋಟಿಗೂ ಹೆಚ್ಚು. ಪ್ರಕಾಶಕರ ಜಾಲತಾಣ ಬದಲಾಗಲಿ, ಪತ್ರಿಕೆ ಬೇರೆಯವರ ಕೈಸೇರಲಿ, ಡಿಒಐ ಬದಲಾಗುವುದಿಲ್ಲ. ರಾಮನ್ ಮತ್ತು ಕೃಷ್ಣನ್ ಅವರ ಪತ್ರಕ್ಕೂ ಒಂದು ಡಿಒಐ ಇದೆ: 10.1038/121501ಸಿ0. ಓರೆಗೆರೆಯ ಹಿಂದಿನ ಭಾಗ ಪ್ರಕಾಶಕರ ಗುರುತು. ಮುಂದಿನದನ್ನು ಗಮನಿಸಿ, 121, 501! ಏಳು ದಶಕಗಳ ನಂತರ ಹುಟ್ಟಿದ ಸಂಕೇತದೊಳಗೆ ಹಳೆಯ ಸಂಪುಟ, ಹಳೆಯ ಪುಟ ಹಾಗೇ ಉಸಿರಾಡುತ್ತಿವೆ. ಪುಟಗಳೇ ಇಲ್ಲದ ಈ ಕಾಲದಲ್ಲೂ ಅಷ್ಟೆ. ಗುರುತ್ವದ ಅಲೆಗಳನ್ನು ಕಂಡ ಸುದ್ದಿಯನ್ನು ಹೊತ್ತ 2016ರ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪ್ರಬಂಧದ ಸಂಖ್ಯೆ 061102, ಅದರ ಮೊದಲೆರಡು ಅಂಕಿಗಳು ಆರನೇ ಸಂಚಿಕೆ ಎನ್ನುತ್ತವೆ.

ಇಷ್ಟು ಹೊತ್ತು ನಾವು ಹಿಂದಕ್ಕೆ ನಡೆದೆವು, ಹೊಸ ಪ್ರಬಂಧದಿಂದ ಹಳೆಯದಕ್ಕೆ. ಮುಂದಕ್ಕೂ ನಡೆಯಬಹುದಲ್ಲ? 1928ರ ಆ ಪುಟವನ್ನು ಆಮೇಲೆ ಯಾರೆಲ್ಲ ನೆನೆದರು? 1873ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ ವಕೀಲರಿಗಾಗಿ ಅಂಟುಚೀಟಿಗಳನ್ನು ಮಾರಲು ಶುರುಮಾಡಿದ. ಹಳೆಯ ತೀರ್ಪಿನ ಪಕ್ಕದ ಖಾಲಿ ಜಾಗದಲ್ಲಿ ಅವನ್ನು ಹಚ್ಚಿಕೊಂಡರೆ, ಆ ತೀರ್ಪನ್ನು ಮುಂದೆ ಯಾವ ನ್ಯಾಯಾಲಯ ಒಪ್ಪಿತು, ಯಾವುದು ತಳ್ಳಿಹಾಕಿತು ಎಂಬುದು ಅಲ್ಲೇ ಸಿಗುತ್ತಿತ್ತು. ಇದನ್ನು ಕಂಡ ಯೂಜೀನ್ ಗಾರ್ಫೀಲ್ಡ್ ಎಂಬವರು ವಿಜ್ಞಾನಕ್ಕೂ ಹೀಗೇ ಮಾಡಬಾರದೇಕೆ ಎಂದು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೇಳಿದರು. 1964ರ ಹೊತ್ತಿಗೆ ಅವರ ಸೈನ್ಸ್ ಸೈಟೇಷನ್ ಇಂಡೆಕ್ಸ್ ಬಂದಿತ್ತು. ಯಾರು ಯಾರನ್ನು ಉಲ್ಲೇಖಿಸಿದರು ಎಂಬುದರಿಂದಲೇ ಮಹತ್ವವನ್ನು ಅಳೆಯುವ ಈ ವಿಚಾರವನ್ನು 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಜಾಲತಾಣಗಳಿಗೆ ಅನ್ವಯಿಸಿದರು. ಗೂಗಲ್ ಹುಟ್ಟಿತು! ನೀವು ಮೊಬೈಲಿನಲ್ಲಿ ಬಸ್ಸಿನ ವೇಳೆ ಹುಡುಕುವಾಗಲೂ ಬೆನ್ನ ಹಿಂದೆ ಇರುವುದು ಆಕರಪಟ್ಟಿಯ ತರ್ಕ.

ಈ ಕೊಂಡಿಗಳು ಯಂತ್ರಕ್ಕೆ ಅರ್ಥವಾಗಬೇಕಾದರೆ ಪ್ರತಿ ಖಾನೆಯೂ ತನ್ನ ಜಾಗದಲ್ಲಿರಬೇಕು. ಅದಕ್ಕಾಗಿ 1985ರಲ್ಲಿ ಓರೆನ್ ಪಟಾಶ್ನಿಕ್ ಬಿಬ್‌ಟೆಕ್ ಎಂಬ ತಂತ್ರಾಂಶ ಮಾಡಿದರು, 2006ರಲ್ಲಿ ಜೊಟೆರೊ ಉಚಿತವಾಗಿ ಬಂತು. ಲೇಖಕ, ಇಸವಿ, ಸಂಪುಟಗಳನ್ನು ಒಮ್ಮೆ ಸರಿಯಾಗಿ ತುಂಬಿಟ್ಟರೆ ಯಾವ ಪತ್ರಿಕೆಯ ವೇಷ ಬೇಕೋ ಅದನ್ನು ತಂತ್ರಾಂಶವೇ ತೊಡಿಸುತ್ತದೆ. ಅಂಥ ಶೈಲಿಗಳು ಹತ್ತು ಸಾವಿರಕ್ಕೂ ಹೆಚ್ಚಿವೆ. ನನ್ನನ್ನು ಕೇಳಿದರೆ ಅಷ್ಟು ವೇಷಗಳ ಅಗತ್ಯ ಖಂಡಿತ ಇಲ್ಲ. ಒಂದು ಹಸ್ತಪ್ರತಿಯನ್ನು ಪತ್ರಿಕೆಯ ನಿಯಮಕ್ಕೆ ಒಗ್ಗಿಸಲು ಸಂಶೋಧಕರಿಗೆ ಸುಮಾರು 14 ಗಂಟೆ ಹಿಡಿಯುತ್ತದೆ ಎಂದು 2019ರ ಸಮೀಕ್ಷೆಯೊಂದು ಕಂಡುಕೊಂಡಿತು. ಆ ಗಂಟೆಗಳು ಪ್ರಯೋಗಾಲಯಕ್ಕೆ ಸೇರಬೇಕಾದವು. ಮೊದಲ ಸಲ ಕಳಿಸುವಾಗ ಯಾವ ಶೈಲಿಯಾದರೂ ಸರಿ, ಉದ್ದಕ್ಕೂ ಒಂದೇ ಇದ್ದರೆ ಸಾಕು ಎಂದು ಈಗ ಹಲವು ಪತ್ರಿಕೆಗಳು ಹೇಳುತ್ತಿರುವುದು ಬಹಳ ಒಳ್ಳೆಯ ನಡೆ. ಅಲ್ಪವಿರಾಮ ಎಲ್ಲಿರಬೇಕು ಎಂಬುದು ಒಪ್ಪಂದದ ಮಾತು, ಆದರೆ ಪುಟ 501ರ ಬದಲು 510 ಆದರೆ ದಾರಿಯೇ ಮುಚ್ಚಿತು.

ಈಗಂತೂ ಭಾಷಾಯಂತ್ರಗಳು ಹುಟ್ಟಿಸುವ ಆಕರಗಳು ಬಂದಿವೆ. ಹೆಸರು ಸೊಗಸು, ಇಸವಿ ಸರಿ, ಸೆಮಿಕೋಲನ್ ಕೂಡ ಅದರದೇ ಜಾಗದಲ್ಲಿ, ಲೇಖನ ಮಾತ್ರ ಜಗತ್ತಿನಲ್ಲೇ ಇಲ್ಲ! ಉಪ್ಲಾವಿತ್ಸಿಯಂಥವರು ಇನ್ನು ಅರ್ಧ ಶತಮಾನಕ್ಕೊಬ್ಬರಲ್ಲ, ದಿನಕ್ಕಿಷ್ಟು ಹುಟ್ಟಬಹುದು. ಇದಕ್ಕೆ ತಡೆ ಒಂದೇ, ಬಾಗಿಲು ತಟ್ಟಿ ನೋಡುವುದು.

ಆದ್ದರಿಂದ ಪ್ರಬಂಧ ಬರೆಯುತ್ತಿರುವ ಗೆಳೆಯರೇ, ಗೆಳತಿಯರೇ, ‘ಸಬ್ಮಿಟ್’ ಒತ್ತುವ ಮುಂಚೆ ಒಂದು ಸಂಜೆಯನ್ನು ಈ ಪಟ್ಟಿಗೆ ಕೊಡಿ. ಒಂದೊಂದೇ ಡಿಒಐ ಒತ್ತಿ. ಲೇಖನ ನಿಜಕ್ಕೂ ತೆರೆಯುತ್ತದೆಯೇ ನೋಡಿ. ಮೊದಲ ಲೇಖಕರ ಹೆಸರು, ಇಸವಿ, ಸಂಪುಟ, ಮೊದಲ ಪುಟ, ಈ ನಾಲ್ಕನ್ನು ಮೂಲದೊಡನೆ ತಾಳೆ ಹಾಕಿ, ಬೇರೆಯವರ ಪಟ್ಟಿಯೊಡನೆ ಅಲ್ಲ. ಆ ಲೇಖನವನ್ನು ಪತ್ರಿಕೆ ಹಿಂದಕ್ಕೆ ಪಡೆದಿದೆಯೇ ಎಂದೂ ಪರೀಕ್ಷಿಸಿ, ಜೊಟೆರೊ ಅದನ್ನು 2019ರಿಂದ ತಾನಾಗಿ ಎಚ್ಚರಿಸುತ್ತದೆ. ಮತ್ತು ನೀವು ಓದದ ಯಾವುದಾದರೂ ಆಕರ ಪಟ್ಟಿಯಲ್ಲಿದ್ದರೆ ಅದನ್ನು ಅಂದೇ ಓದಿ, ಇಲ್ಲವೇ ಅಳಿಸಿ.